ಗುಬ್ಬಿ ಬರೋವರೆಗೆ ಕೆಂಪು ಕೋಟು

ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಮದುವೆ ಬ್ಯಾಂಡ್‌ಸೆಟ್ಟಿನ ಇಬ್ಬರು ಕುಳಿತಿದ್ದರು. ಒಬ್ಬ ಡ್ರಮ್ ಹಿಡಿದ ಯುವಕ. ಇನ್ನೊಬ್ಬ ಕ್ಲಾರಿನೆಟ್ ಹಿಡಿದ ಮುದುಕ.

“ಇದೇನ್ ದೊಡ್ಡಪ್ಪ, ಹಳೇ ಕೆಂಪು ಕೋಟು ತಂದಿದೀಯ? ಈಗೆಲ್ಲಾ ಕರಿ ಟೀ-ಶರ್ಟು. ಗುಬ್ಬಿ ಮದ್ವೇಲಿ ಬ್ಯಾಂಡ್ ಮಾಸ್ಟ್ರು ಬೈತಾರೆ.”

“ಟೀ-ಶರ್ಟಲ್ಲಿ ಕ್ಯಾಟರಿಂಗ್‌ನವ್ನಂಗೆ ಕಾಣ್ತೀನಿ ಕಣೋ. ಹೋದ್ ಮದ್ವೇಲಿ ಒಬ್ರು ನೀರ್ ತತ್ತಾ ಅಂದ್ರು.”

“ತಂದ್ಕೊಟ್ಯಾ?”

“ಕೊಟ್ಟೆ.”

“ಕೋಟ್ ಹಾಕಿದ್ರೆ ಸೆಕೇಲಿ ಊದೋದೆಂಗೆ?”

“ಹಲ್ಲೋದ್ಮೇಲೆ ಎಲ್ ಊದ್ತೀನ್ಲಾ? ಸಾಲು ತುಂಬ್ಲಿ ಅಂತ ತಾನೇ ನಿಲ್ಸೋದು? ಸುಮ್ನೆ ಬಾಯಿಗಿಟ್ಕೊಂಡು ನಿಲ್ಲೋನ್ಗೆ ಕೋಟಾದ್ರೂ ಇರ್ಲಿ ಬುಡು.”

ಬಸ್ಸು ಬಂತು. ಯುವಕ ಡ್ರಮ್ ಕೆಳಗಿಟ್ಟು ಕೋಟು ಬಿಡಿಸಿ ಹಿಡಿದ.

“ತಗೋ, ಕೈ ತೂರ್ಸು. ಗುಬ್ಬಿ ಬರೋಗಂಟ ಹಾಕ್ಕೊಂಡಿರು.”

ಮುದುಕ ಗುಂಡಿಗಳನ್ನೆಲ್ಲ ಹಾಕಿಕೊಂಡೇ ಬಸ್ಸು ಹತ್ತಿದ.