ಮರಳೊಳಗೆ ಅಡಗಿದ ಮೀನು

ಮೂಳೆ ಡಾಕ್ಟರರ ಸರದಿಗೆ ಕಾದಿದ್ದ ದರ್ಜಿಯಮ್ಮ ತನ್ನ ಮಂಡಿನೋವನ್ನೇ ಮರೆತಳು. ಪಕ್ಕದ ಬೆಂಚಿನ ಅಣ್ಣತಮ್ಮಂದಿರ ಮಾತು ಹಾಗಿತ್ತು. ತಮ್ಮನ ಮುಂಗೈ ಬಾತು ಬದನೆಕಾಯಿಯಾಗಿತ್ತು.

“ನಾನು ಸಾಕೋಕೆ ತಂದ ಆ ಸಮುದ್ರದ ರಾಸ್ ಮೀನು ಇವತ್ತು ಬೆಳಿಗ್ಗೆ ಈಜ್ತಾ ಇತ್ತು ಕಣೋ.”

“ನಾನು ಕದ್ದು ಮಾರ್ದೆ ಅಂದ್ಯಲ್ಲ, ಅದೇ ಮೀನಾ ಅಣ್ಣ?”

“ಮೂರು ದಿನ ಉಪ್ಪುನೀರಿನ ಗಾಜಿನ ತೊಟ್ಟೀಲಿ ಕಾಣ್ಲೇ ಇಲ್ವಲ್ಲೋ.”

“ಹೊಸ ಜಾಗಕ್ಕೆ ಹೆದರಿದ್ರೆ ಅದು ಮರಳಲ್ಲಿ ಹೂತ್ಕೊಳ್ಳುತ್ತೆ ಅಂತ ಬಡ್ಕೊಂಡೆ. ನೀನು ಗಾಜು ಉಜ್ಜೋ ಕೋಲು ತಗೊಂಡೆ.”

“ಒಂದೇಟು ಜೋರಾಗಿ ಬಿತ್ತು.”

“ನಾಲ್ಕು. ಕೈ ಅಡ್ಡ ಇಡದಿದ್ರೆ ತಲೆ ಹೋಳಾಗ್ತಿತ್ತು. ಬಿಡಿಸೋಕೆ ಬಂದ ಅಮ್ಮನ್ನೂ ಗೋಡೆಗೆ ನೂಕಿದೆ.”

“ಡಾಕ್ಟರ ಹತ್ರ ಮೆಟ್ಟಿಲಿಂದ ಬಿದ್ದೆ ಅನ್ನಪ್ಪ. ಪೊಲೀಸರ ತನಕ ಹೋದ್ರೆ ನನ್ನ ಕೆಲಸ ಹೋಗುತ್ತೆ.”

“ಹೋದ ಸಲ ಹಲ್ಲು ಮುರಿದಾಗಲೂ ಅದೇ ಮೆಟ್ಟಿಲು.”

ಒಳಗಿಂದ ತಮ್ಮನನ್ನು ಕರೆದರು. ಆಸರೆ ಕೊಡಲು ಅಣ್ಣ ಕೈ ಚಾಚಿದ. ತಮ್ಮ ತಟ್ಟನೆ ತಲೆ ಮುಚ್ಚಿಕೊಂಡ.

“ನೀನು ಇಲ್ಲೇ ಕೂತಿರು. ಈ ಸಲ ನಿಜ ಹೇಳ್ತೀನಿ,” ಎಂದು ಒಬ್ಬನೇ ಒಳಹೊಕ್ಕ.