ನಾಲ್ಕನೇ ವಿಮಾನದ ಹುಡುಗ

ಹಲೋ... ಹಲೋ, ಯಾರ್ರಿ ಮಾತಾಡೋರು? ಹಾಂ? ಜೋರಾಗಿ ಹೇಳ್ರಿ. ಇದು ಆಳಂದ, ಗೌಸಮೊಹಿದ್ದೀನನ ರೇಡಿಯೋ ರಿಪೇರಿ ಅಂಗಡಿ...

ಓ, ಜಗದೇವಪ್ಪಣ್ಣ. ಜೇವರ್ಗಿಯಿಂದೇ ಅಲ್ವಾ? ಬೀದರದಾಗ ವಿಮಾನ ಇಳದು ಇನ್ನಾ ತಾಸು ಆಗಿಲ್ಲ, ನಿಮ್ಮ ಫೋನಿನ ಗಂಟಿ ಬಡೀತು ನೋಡ್ರಿ...

ಹೂಂ, ಕೇಳದೆ. ಪೂರಾ ಕೇಳದೆ. ನನ್ನ ತಮ್ಮ ಸೌದಿಯಿಂದ ಸ್ಕ್ಯಾನರ್ ತಂದಾನಲ್ಲ, ಅದ್ರಾಗೇ. ವಿಮಾನದವ್ರು ಆಕಾಶದಾಗ ಆಡೋ ಮಾತು ತಾನೇ ಹುಡುಕಿ ಹಿಡೀತದ. ಮಾಳಗಿ ಮ್ಯಾಲ ತಾಮ್ರದ ತಂತಿ ಕಟ್ಟೇನಿ...

ಇಲ್ಲ ಇಲ್ಲ, ವಾಯುಸೇನಾದವ್ರು ವಿಮಾನ ಸಾಲುಗಟ್ಟಿ ಹಾರಸೋ ಪ್ರದರ್ಶನ ಐತವಾರ. ಇವತ್ತು ಬರೇ ತಾಲೀಮು...

ನಗಬ್ಯಾಡ ಅಂದ್ರ ಹ್ಯಾಂಗ್ರಿ? ವರನ ಗುಣ ತಿಳೀಲಾಕ ಮಂದಿ ಓಣ್ಯಾಗ ಕೇಳ್ತಾರ, ಸಾಲಿ ಮಾಸ್ತರನ್ನ ಕೇಳ್ತಾರ, ಕಟಿಂಗ್ ಅಂಗಡ್ಯಾಗ ಕೂತು ಕೇಳ್ತಾರ. ಆಕಾಶದಾಗ ವಿಚಾರಿಸಿದವ್ರು ನಮ್ಮ ಮೂರೂ ತಾಲೂಕಿನ್ಯಾಗ ನೀವೊಬ್ರೇ...

ಹೇಳ್ತೇನಿ, ಹೇಳ್ತೇನಿ. ನಿಮ್ಮ ಮಗಳಿಗೆ ನೋಡಿದ ವರ, ಹವಳಗಾದ ಬಸವಂತರಾಯ, ನಾಕನೇ ವಿಮಾನ ಹಾರಸ್ತಾನ, ಅಲ್ವಾ? ಅರ್ಧ ತಾಸಿನ್ಯಾಗ ಅವ ಆಡಿದ್ದು ಒಂದೇ ಮಾತು. 'ಫೋರ್'. ಅಷ್ಟೇ...

ಮೂಗ ಅಲ್ರಿ. ಅಲ್ಲಿ ರಿವಾಜೇ ಹಂಗ. ಮುಂದಿನವ ಹುಕುಂ ಕೊಡ್ತಾನ, ಹಿಂದಿನವ್ರು ತಮ್ಮ ನಂಬರ್ ಅಷ್ಟೇ ಹೇಳ್ತಾರ. ನಿಮ್ಮಂಗ ಮಾತಿಗೆ ಮಾತು ಬೆಳಸ್ಕೋತ ಕೂತ್ರ ವಿಮಾನಕ್ಕ ವಿಮಾನ ತಾಗ್ತಾವ...

ಹಾಂ, ಬೈಸಿಕೊಂಡ. ಸುಳ್ಳು ಯಾಕ ಹೇಳ್ಲಿ? ದೂರ ಉಳದಿ, ಹತ್ರ ಬಾ ಅಂತ ಮುಂದಿನವ ಎರಡು ಸಲ ಗದರಿಸಿದ...

ಧೈರ್ಯ ಕಮ್ಮಿ ಅಂತೀರಾ? ಬೈಸಿಕೊಂಡು, ತಿರುಗಿ ಮಾತಾಡದೇ ಹತ್ರ ಬಂದಾನ್ರಿ. ಹೀರಾಬಾಯಿ ಅಕ್ಕಾರ ಮನಿಗೆ ಇಂಥ ಅಳಿಯನೇ ಸರಿ. ನೀವು ಆಕಿನ ಮದವಿ ಆದಾಗಿಂದ ಅದನ್ನೇ ಮಾಡಾಕತ್ತೀರಿ, ಅಲ್ವಾ?...

ನಗ್ರಿ, ನಗ್ರಿ...

ಹಾಂ? ಮತ್ತೊಮ್ಮೆ ಹೇಳ್ರಿ, ದನಿ ಸಣ್ಣದಾತು...

ಗೊತ್ತದ್ರಿ ನಂಗ. ಗುಣ ಕೇಳೋದು ಬಾಯಿ ಮಾತು. ವಿಮಾನ ಬಿದ್ರ ಮಗಳ ಗತಿ ಏನು, ಅದು ಹೊಟ್ಟ್ಯಾಗಿಂದು. ಅದಕ್ಕೇ ಗುರುವಾರ ಹವಳಗಾದವ್ರು ಸಂಬಂಧ ಕೇಳಾಕ ಬಂದ್ರ ಏನ್ ಹೇಳ್ಬೇಕಂತ ನಿಮಗ ತಿಳೀವಲ್ದು...

ಬೀಳಂಗಿಲ್ಲ ಅಂತ ನಾ ಹ್ಯಾಂಗ ಹೇಳ್ಲಿ ಅಣ್ಣಾ? ಇದೊಂದು ಕೇಳ್ರಿ. ನಡುವ ಒಮ್ಮೆ ಮುಂದಿನವ ಅವನ ನಂಬರ್ ಕರದ. ಉತ್ತರ ಬರ್ಲಿಲ್ಲ. ಮತ್ತ ಕರದ. ಇಲ್ಲ. ತಂತಿಗೆ ಬೆಸಗಿ ಹಾಕೋ ನನ್ನ ಕೈ ಅಲ್ಲೇ ನಿಂತಿತು. ಬಾಜೂ ಕುರ್ಚಿ ಮ್ಯಾಲ ಕೂತಾಕಿ ಎದ್ದು ನಿಂತಳು...

ಯಾರಂದ್ರ? ನಿಮ್ಮ ಮಗಳು, ಗುರುಶಾಂತಾ. ಇದೇ ಊರ ಸಾಲ್ಯಾಗ ಕಲಸ್ತಾಳ, ನಮ್ಮ ಅಂಗಡಿ ಏನು ದೂರ? ನಾ ಕರದಿಲ್ರಿ. ರೇಡಿಯೋ ಕೆಟ್ಟದಂತ ಮೂರು ದಿನದಿಂದ ಬರಾಕತ್ತಾಳ. ಖರೇ ಹೇಳಬೇಕಂದ್ರ ಆ ರೇಡಿಯೋಕ್ಕ ಏನೂ ಆಗಿಲ್ಲ...

ಹಾಂ ಹಾಂ, ಬಂತು, ಉತ್ತರ ಬಂತು. 'ಫೋರ್' ಅಂದ. ಆವಾಗ ಕೂತಳು. ಕುಡೀಲಾಕ ನೀರು ಕೇಳಿದ್ಳು. ಅಂಜಿಕಿ ಆತೇನವ್ವ ಅಂದೆ. ಆತು ಕಾಕಾ, ನಾಳೆ ತಾಲೀಮು ಎಷ್ಟಕ್ಕ ಅಂದಳು...

ಹಾಂ? ಈಗ ಆಕಿ ಎಲ್ಲದಾಳ ಅಂತೀರಾ?...

ಇಲ್ಲೇ ಅದಾಳ. ಕೊಡ್ಲಾ ಫೋನು?... ಬ್ಯಾಡ ಅಂತಾಳ್ರಿ. ಮದವಿ ಮಾತು ಅಪ್ಪನ ಮುಂದ ಹ್ಯಾಂಗ ಆಡ್ಲಿ, ನೀವೇ ಕೇಳ್ರಿ ಕಾಕಾ ಅಂತಾಳ...

ಆಗ್ಲಿ. ನೀವೂ ಉದ್ದ ಮಾತು ಬೆಳಸಬ್ಯಾಡ್ರಿ. ವಿಮಾನದವ್ರ ರಿವಾಜು ಹೇಳೇನಲ್ಲ? ನಾ ಹೆಸರು ಕರೀತೇನಿ, ಈ ಸಂಬಂಧ ಕಬೂಲ ಇದ್ರ ಹೂಂ ಅನ್ರಿ. ಒಂದೇ ಮಾತು. ಜಗದೇವಪ್ಪಣ್ಣ...

ಜಗದೇವಪ್ಪಣ್ಣ... ಕೇಳಸ್ತೇನ್ರಿ?...

ನೋಡ್ರಿ, ಮತ್ತ ಎದ್ದು ನಿಂತಾಳ. ತಡಿಯವ್ವ. ಲೈನ್ ಅದ, ಅಪ್ಪನ ಉಸಿರು ಕೇಳಸಾಕತ್ತದ...

ಜಗದೇವಪ್ಪಣ್ಣ...

ಹಾಂ. ಬಂತು. ಕೂಡವ್ವ, ಕೂಡು, ಅಪ್ಪ ಹೂಂ ಅಂದ... ಅಣ್ಣಾ, ಗುರುವಾರ ನಾನೂ ಬರ್ತೇನಿ, ಹೀರಾಬಾಯಿ ಅಕ್ಕಾರಿಗೆ ಹೇಳ್... ಹಲೋ?... ಹಲೋ...