ಬಿಟ್ಟುಹೋದ ಒಂದು ಪೆಟ್ಟು

...ಅಲ್ಲ ಜವರಣ್ಣ, ನೀವು ಆ ಡೋಲಿನ ಹಗ್ಗ ಎಳೀತಾನೇ ಇರಿ, ನಾನು ಬೇಡ ಅನ್ನಲ್ಲ. ಕೈ ಅದರಲ್ಲಿರಲಿ, ಕಿವಿ ಮಾತ್ರ ಹತ್ತು ನಿಮಿಷ ನನಗೆ ಕೊಡಿ. ಬಿಸಿಲು ಇನ್ನೂ ಇದೆ. ಹಣ್ಣು ಕೊಯ್ಯೋ ಪಿಕಿಂಗಿನವರು ತೂಕಕ್ಕೆ ಬರೋದು ನಾಲ್ಕೂವರೆಗೆ. ಅಷ್ಟರಲ್ಲಿ ನಾನು ತೋಟಕ್ಕೆ ವಾಪಸ್ ಹೋಗಿ ತಕ್ಕಡಿ ಮುಂದೆ ನಿಂತಿರಬೇಕು. ಲೆಕ್ಕ ಬರೆಯೋ ರೈಟರ್ ನಾನಿಲ್ಲ ಅಂದರೆ ಎಸ್ಟೇಟಿನಲ್ಲಿ ಕಾಫಿ ಹಣ್ಣಿಗೂ ತೂಕ ಇರಲ್ಲ.

ಯಾಕೆ ನಗ್ತೀರಿ? ಓ... "ನೀವು" ಅಂದೆ ಅಂತಲಾ. ಹೌದು ಮಾರಾಯ್ರೆ, ಹನ್ನೊಂದು ವರ್ಷ "ಏ ಜವರ" ಅಂತಲೇ ಕೂಗಿದವನು ನಾನು. ಇವತ್ತು ಬೆಳಿಗ್ಗೆಯಿಂದ ಬಾಯಿಗೆ ಬಹುವಚನವೇ ಬರ್ತಾ ಇದೆ. ಮನುಷ್ಯನಿಗೆ ಇನ್ನೊಬ್ಬನಿಂದ ಏನಾದರೂ ಆಗಬೇಕಾದಾಗ ವ್ಯಾಕರಣ ತಾನಾಗಿ ಸುಧಾರಿಸುತ್ತೆ.

ಆಗಬೇಕಾದ್ದು ಇಷ್ಟೇ. ಶನಿವಾರ ಪೊನ್ನಂಪೇಟೆ ಮೈದಾನದಲ್ಲಿ ಹಿಪ್‌ಹಾಪ್ ಹಾಡೋ ಎಂ.ಸಿ. ಕಾಟಿಯ ಪ್ರೋಗ್ರಾಂ ಇದೆ. ಮೈದಾನದ ಕಮಿಟಿಗೆ ಮೊಣ್ಣಪ್ಪನವರು ಅಧ್ಯಕ್ಷರು. ಆ ಹುಡುಗನ ಹಾಡಿನಲ್ಲಿ ಹೆಣದ ಮುಂದೆ ಡೋಲು ಬಡಿಯೋ ಸಾವಿನ ಬಡಿತ ಇದೆ, ಅದನ್ನು ಇಲ್ಲಿ ಹಾಕಕ್ಕೆ ಬಿಡಲ್ಲ ಅಂತ ಅವರು ಪಟ್ಟು ಹಿಡಿದು ಕೂತಿದ್ದಾರೆ. ನೀವು ನಾಳೆ ನನ್ನ ಜೊತೆ ಬಂದು, ಅದು ಸಾವಿನ ಬಡಿತ ಅಲ್ಲ, ಯಾವುದೋ ಸುಮ್ಮನೆ ಬಡಿತ ಅಂತ ಒಂದು ಮಾತು ಹೇಳಿದರೆ ಮುಗೀತು. ಅವನಿಗೆ ಪ್ರೋಗ್ರಾಂ ಸಿಗುತ್ತೆ. ನಿಮಗೆ ಮದುವೆ ವಾಲಗ ವಾಪಸ್ ಸಿಗುತ್ತೆ.

ಗೊತ್ತು, ಗೊತ್ತು. ಎರಡು ಮದುವೆ ತಪ್ಪಿತು ನಿಮಗೆ. ಜವರ ಸಾವಿನ ಬಡಿತ ಮಾರಿಕೊಂಡ, ಇನ್ನು ಅವನ ಡೋಲು ನಮ್ಮ ಅಂಗಳಕ್ಕೆ ಬೇಡ ಅಂತ ಮೊಣ್ಣಪ್ಪನವರು ಅಂದದ್ದು ನನ್ನ ಎದುರಿಗೇ. ಕೇಳಿದ ತಕ್ಷಣ ಇದು ನಿಮ್ಮ ಕೈ ಅಂತ ಗುರುತು ಹಿಡಿದರಂತೆ. ನೀವು ಮಾರಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು.

ಹಾಗೆ ನೋಡಬೇಡಿ. ಗೊತ್ತು ಅಂದರೆ... ನಿಮ್ಮ ಸ್ವಭಾವ ಗೊತ್ತು ಅಂತ.

ಗಲಾಟೆ ಶುರುವಾದದ್ದು ಬಿಟ್ಟಂಗಾಲದ ಮದುವೆಯಲ್ಲಿ. ನಾನೂ ಇದ್ದೆ, ಓನರ್ ಪರವಾಗಿ ಉಡುಗೊರೆ ಹಿಡ್ಕೊಂಡು. ಊಟದ ಹೊತ್ತಿಗೆ ಡಿಜೆಯವನು ಕಾಟಿಯ ಅದೇ ಹಾಡು "ಇಳಿಜಾರು" ಹಾಕಿದ. ಹುಡುಗರೆಲ್ಲ ಎದ್ದರು. ಮದುಮಗನೂ ಎದ್ದ. ನೆಲ ಅದುರುವಷ್ಟು ಕುಣಿದರು. ಪೊನ್ನಮ್ಮಜ್ಜಿ ಮಾತ್ರ ಪಂದಿ ಕರಿಯ ತಟ್ಟೆ ಕೆಳಗಿಟ್ಟು, ಸೆರಗು ತಲೆ ಮೇಲೆ ಎಳ್ಕೊಂಡು, ಪಕ್ಕದವಳನ್ನು ಮೆಲ್ಲಗೆ ಕೇಳಿದರು.

"ಯಾರು ಹೋದದ್ದು?"

ಅಷ್ಟೇ. ಆ ಮಾತು ಒಂದು ಟೇಬಲಿನಿಂದ ಇನ್ನೊಂದಕ್ಕೆ ಹೋಯ್ತು. ಮುದುಕರೆಲ್ಲ ಊಟ ಬಿಟ್ಟು ಎದ್ದರು. ಹುಡುಗರು ಕುಣೀತಾನೇ ಇದ್ದರು. ಅರ್ಧ ಮಂಟಪ ಮದುವೆಯಲ್ಲಿ, ಇನ್ನರ್ಧ ಸಾವಿನ ಮನೆಯಲ್ಲಿ. ನಾನು ನಡುವೆ ಉಡುಗೊರೆ ಹಿಡ್ಕೊಂಡು ನಿಂತಿದ್ದೆ.

ಸಾವಿನ ಬಡಿತವನ್ನು ಹೆಣ ಇಲ್ಲದ ಮನೆಯಲ್ಲಿ ಬೆರಳಿನಲ್ಲೂ ಬಡೀಬಾರದು. ನೀವೇ ನನಗೆ ಹೇಳಿದ್ದು. ಕಣದಲ್ಲಿ ಕಾಫಿ ಒಣಗಿಸುವಾಗ ನಾನು ಯಾವುದೋ ಗುಂಗಿನಲ್ಲಿ ಡಬ್ಬ ಬಡೀತಿದ್ದೆ, ನೀವು ಬಂದು ನನ್ನ ಕೈ ಹಿಡಿದ್ರಿ. ರೈಟರ ಕೈಯನ್ನು ಹಾಗೆ ಯಾರೂ ಹಿಡಿದಿರಲಿಲ್ಲ. ಅದಕ್ಕೇ ನೆನಪಿದೆ.

ಹುಡುಗನನ್ನು ಬೈಬೇಡಿ. ಅವನು ಒಳ್ಳೆಯವನು. ಹೆಸರು ಮಿಲನ್, ಪೊನ್ನಂಪೇಟೆಯವನೇ. ಕಾಟಿ ಅಂತ ಹೆಸರಿಟ್ಟುಕೊಂಡಿದ್ದಾನೆ, ಆದರೆ ಕಾಟಿಯನ್ನು, ಅಂದರೆ ಕಾಡುಕೋಣವನ್ನು, ನೋಡಿದ್ದು ದಾರಿ ಬದಿಯ ಬೋರ್ಡಿನಲ್ಲಿ. ಗಲ್ಲಿಯಲ್ಲಿ ಹುಟ್ಟಿದೆ, ಗಲ್ಲಿಯಲ್ಲಿ ಬೆಳೆದೆ ಅಂತ ಹಾಡ್ತಾನೆ. ಆ ಗಲ್ಲಿ ನಾನು ನೋಡಿದೀನಿ. ಎರಡೂ ಕಡೆ ಸಿಲ್ವರ್ ಓಕ್ ಮರ, ಕೊನೆಗೆ ಕಬ್ಬಿಣದ ಗೇಟು, ಗೇಟಿನಾಚೆ ಅವರಪ್ಪನ ನಲವತ್ತು ಎಕರೆ. ಇರಲಿ. ಹಸಿವಿನ ಬಗ್ಗೆ ಅಷ್ಟು ಚೆನ್ನಾಗಿ ಹಾಡಬೇಕಾದರೆ ಹೊಟ್ಟೆ ತುಂಬಿರಬೇಕು.

ನನಗೆ ಈ ಹುಚ್ಚು ಇವತ್ತಿನದಲ್ಲ ಜವರಣ್ಣ. ಕಾಲೇಜಿನಲ್ಲಿದ್ದಾಗ ರಾಕ್ ಹುಚ್ಚು. ಗಿಟಾರ್ ಹಿಡಿದವನು ವೇದಿಕೆ ಮೇಲೆ ಕಣ್ಣು ಮುಚ್ಚಿದರೆ ಕೆಳಗೆ ನಾವು ಇನ್ನೂರು ಜನ ಕಣ್ಣು ಮುಚ್ತಿದ್ವಿ. ಕುಶಾಲನಗರದ ಸುದೀಪ್ ಅಂತ ಗೆಳೆಯ, ಹಾಗೆ ಕಣ್ಣು ಮುಚ್ಚಿದಾಗಲೇ ಚಪ್ಪಲಿ ಕಳ್ಕೊಂಡ. ನಾನೂ ಕೂದಲು ಬಿಟ್ಟಿದ್ದೆ, ಭುಜದವರೆಗೆ. ಈಗ ನೋಡಿದರೆ ನಂಬೋದು ಕಷ್ಟ. ಅವರ ಹಾಡಿನ ಒಂದು ಪದವೂ ಅರ್ಥ ಆಗ್ತಿರಲಿಲ್ಲ, ಆದರೆ ಎಲ್ಲೋ ಯಾರಿಗೋ ನನ್ನ ಹಾಗೇ ಕೋಪ ಬಂದಿದೆ ಅನ್ನೋದು ಅರ್ಥ ಆಗ್ತಿತ್ತು. ಆಮೇಲೆ ಹಿಪ್‌ಹಾಪ್ ಬಂತು. ರಾಕ್‌ನವರು ತಾವು ಯಾವ ಊರಿನವರು ಅನ್ನೋದನ್ನು ಮರೆಯೋಕೆ ಹಾಡ್ತಾರೆ, ಇವರು ಅದನ್ನು ಬಿಟ್ಟು ಬೇರೆ ಏನೂ ಹಾಡಲ್ಲ. ನಮ್ಮೂರಿನ ಹೆಸರನ್ನು ಹಾಡಿನಲ್ಲಿ ಮೊದಲು ಹೇಳಿದವನು ಕಾಟಿ. ಮೂವತ್ತೆಂಟು ವರ್ಷದ ನಾನು, ಹೆಲ್ಮೆಟ್ ಒಳಗೆ, ವಿರಾಜಪೇಟೆ ರಸ್ತೆಯಲ್ಲಿ ಅತ್ತೆ. ಇದನ್ನು ಯಾರಿಗೂ ಹೇಳಬೇಡಿ. ನೀವು ಯಾರಿಗೆ ಹೇಳ್ತೀರಿ, ಅಲ್ವಾ.

"ಇಳಿಜಾರು" ಹಾಡಿನಲ್ಲಿ ಒಂದು ಜಾಗ ಇದೆ. ಡೋಲು ಬಡೀತಾ ಬಡೀತಾ ಬರುತ್ತೆ, ಇನ್ನೊಂದು ಪೆಟ್ಟು ಬೀಳಬೇಕು, ಬೀಳಲ್ಲ. ಎರಡು ಸೆಕೆಂಡ್ ಏನೂ ಇಲ್ಲ. ಆಮೇಲೆ ಮತ್ತೆ ಶುರು. ಆ ಎರಡು ಸೆಕೆಂಡಿಗೆ ಜನ ಕೈ ಮೇಲೆತ್ತಿ ಕಾಯ್ತಾರೆ. ಆ ಬಿಟ್ಟ ಪೆಟ್ಟಿನ ಬಗ್ಗೆಯೇ ಮೈಸೂರಿನವನೊಬ್ಬ ಇಪ್ಪತ್ತು ನಿಮಿಷದ ವಿಡಿಯೋ ಮಾಡಿದ್ದಾನೆ. ಇಂಥ ಮೌನ ಹುಟ್ಟಿಸೋಕೆ ಪ್ರತಿಭೆ ಬೇಕು ಅಂತಾನೆ. ನಾನು ಅದರ ಕೆಳಗೆ ಎರಡು ಸಲ ಹೊಗಳಿ ಬರೆದೆ, ಒಂದು ಸಲ ಬೇರೆ ಹೆಸರಿನಲ್ಲಿ.

ಬಡಿತ ಅವನಿಗೆ ಎಲ್ಲಿಂದ ಸಿಕ್ಕಿತು ಅಂತಲಾ? ಅದು... ಸಂಪಾಜೆ ಕಡೆಯದು. ಯಾವುದೋ ಸಾವಿನ ಮನೆಯಲ್ಲಿ ಯಾರೋ ಫೋನಿನಲ್ಲಿ ರೆಕಾರ್ಡ್ ಮಾಡಿದ್ದಂತೆ. ಯಾರು ಬಡಿದದ್ದು ಅಂತ ಕಾಟಿ ಕೇಳಿದ. ಬಡಿದವರ ಹೆಸರು ಹಾಕಲೇಬೇಕು ಅಂತ ಹಟ ಮಾಡಿದ. ಗೊತ್ತಿಲ್ಲ, ಹಳೇದು ಅಂತ ಹೇಳಿದರು.

ಯಾರು ಹೇಳಿದರು ಅಂದರೆ... ಕೊಟ್ಟವರು.

ಹಾಡಿನ ಕೊನೆಯಲ್ಲಿ ನನ್ನ ಹೆಸರೂ ಬರುತ್ತೆ, ಹೇಳೋಕೆ ಮರೆತೆ. "ಸಹಕಾರ" ಅಂತ. ಸಣ್ಣ ಅಕ್ಷರ. ಯಾವ ಸಹಕಾರ ಅಂತ ಅಮ್ಮ ಕೇಳಿದಳು. ಸಾಮಾನ್ಯ ಸಹಕಾರ ಅಂದೆ.

ನೀವು ಹಾಡು ಕೇಳೇ ಇಲ್ಲ, ಅಲ್ವಾ? ನಿಮ್ಮ ಬಟನ್ ಫೋನಿನಲ್ಲಿ ಎಲ್ಲಿ ಬರಬೇಕು. ಒಂದು ಸಲ ಕೇಳಿ. ಕೇಳಿದರೆ ಸಾವಿನದಲ್ಲ ಅಂತ ನಿಮಗೂ ಅನಿಸಬಹುದು, ಮೇಲೆ ಅಷ್ಟೊಂದು ಏನೇನೋ ತುಂಬಿದ್ದಾರೆ. ಇಲ್ಲಿ ಬೆಂಚಿನ ಮೇಲೆ ಇಡ್ತೀನಿ. ಸೌಂಡ್ ಸಣ್ಣದು ಮಾಡ್ತೀನಿ.

ಇದು ಅವನ ಗಂಟಲು. ಹಾಂ... ಈಗ ಡೋಲು. ಕೇಳ್ತಾ?

ಬೆರಳು ತಾಳ ಹಾಕ್ತಿದೆಯಲ್ಲ, ನೋಡಿ. ಈ ಹಾಡಿಗೆ ಎಂಥವರಿಗೂ ಕೈ ಸುಮ್ಮನಿರಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಆ ಜಾಗ ಬರುತ್ತೆ. ನಾನು ಹೇಳ್ತೀನಿ, ನೀವು...

ಜವರಣ್ಣ.

ನಿಮ್ಮ ಬೆರಳು ಮೊದಲೇ ನಿಂತಿತು. ಹಾಡು ಆಮೇಲೆ ನಿಂತದ್ದು.

ಮೊದಲ ಸಲ ಕೇಳುವವರು ಯಾರೂ ಅಲ್ಲಿ ನಿಲ್ಲಲ್ಲ. ಎಲ್ಲರೂ ಆ ಪೆಟ್ಟು ಹಾಕಿಬಿಡ್ತಾರೆ, ನಾನೂ ಹಾಕಿದ್ದೆ. ನೀವು...

ಆಫ್ ಮಾಡಿದೆ. ಆಫ್ ಆಯ್ತು.

ಏನಾದರೂ ಹೇಳಿ. ಹಗ್ಗ ಆದರೂ ಎಳೀರಿ.

ಸಂಪಾಜೆ ಅಲ್ಲ. ನಿಮಗೆ ಗೊತ್ತಾಯ್ತಲ್ಲ. ಇದೇ ಅಂಗಳ. ನಿಮ್ಮ ಚೋಮಕ್ಕ ತೀರಿಕೊಂಡ ದಿನ ಎಸ್ಟೇಟ್ ಪರವಾಗಿ ಹಾರ ತಂದವನು ನಾನೇ. ಹಾರ ಹಾಕಿ ಆ ಹಲಸಿನ ಮರದ ಹತ್ತಿರ ನಿಂತಿದ್ದೆ. ನಿಮ್ಮ ವಾಲಗದ ಸೆಟ್ಟಿನವರೆಲ್ಲ ಗೋಣಿಕೊಪ್ಪದ ಮದುವೆಗೆ ಹೋಗಿದ್ದರು, ಬಡಿಯೋಕೆ ಜನ ಇರಲಿಲ್ಲ. ಹೆಂಡತಿ ಸಾವಿಗೆ ಗಂಡನೇ ಡೋಲು ಹಾಕ್ಕೊಳ್ಳೋದು ನಾನು ಎಲ್ಲೂ ನೋಡಿರಲಿಲ್ಲ. ನೀವು ಹಾಕ್ಕೊಂಡ್ರಿ. ಮೊದಲ ಪೆಟ್ಟು ಬಿದ್ದಾಗ ನನ್ನ ಮೈ ಹೇಗಾಯ್ತು ಅಂದರೆ... ಇದು ನಿಜ ಜವರಣ್ಣ, ಇದೊಂದು ನಿಜ. ಅಂಥ ಡೋಲು ನಾನು ಯಾವ ವೇದಿಕೆ ಮೇಲೂ ಕೇಳಿರಲಿಲ್ಲ. ಕೈ ತಾನಾಗಿ ಜೇಬಿಗೆ ಹೋಯ್ತು. ನೀವು ನೋಡಿದ್ರಿ ಕೂಡ. ಆಮೇಲೆ ಕೇಳಿದ್ರಿ, ಫೋನಿನಲ್ಲಿ ಏನು ಮಾಡ್ತಿದ್ರಿ ಅಂತ. ಓನರಿಗೆ ಮೆಸೇಜ್ ಕಳಿಸ್ತಿದ್ದೆ ಅಂದೆ.

ಒಂದು ವರ್ಷ ಯಾರಿಗೂ ಕೊಡಲಿಲ್ಲ. ರಾತ್ರಿ ಒಬ್ಬನೇ ಕೇಳ್ತಿದ್ದೆ. ಆಮೇಲೆ ಕಾಟಿ ಸಿಕ್ಕಿದ, ನನ್ನ ಹೆಗಲ ಮೇಲೆ ಕೈ ಹಾಕಿದ, ಅಣ್ಣ ಅಂದ. ನಾನು ಹುಚ್ಚು ಹಿಡಿದು ಹೊಗಳುವ ಮನುಷ್ಯ ನನ್ನನ್ನು ಅಣ್ಣ ಅಂದ. ಕೊಟ್ಟುಬಿಟ್ಟೆ. ಬಡಿದವರು ಯಾರು ಅಂತ ಅವನು ಕೇಳಿದಾಗ ನಿಮ್ಮ ಹೆಸರು ಹೇಳಬಹುದಿತ್ತು. ಹೇಳಿದ್ದರೆ ಅವನು ನಿಮ್ಮ ಹತ್ತಿರ ಬರ್ತಿದ್ದ, ನೀವು ಬೇಡ ಅಂತಿದ್ರಿ. ಅದಕ್ಕೇ ಹೇಳಲಿಲ್ಲ.

ನಾಳೆ ನೀವು ಬರೋದು ಬೇಡ. ಆ ಮಾತು ಹೇಳೋದೂ ಬೇಡ. ನಾನೇ ಹೋಗ್ತೀನಿ ಮೊಣ್ಣಪ್ಪನವರ ಮನೆಗೆ, ಆಮೇಲೆ ಕಾಟಿಯ ಮನೆಗೆ. ಯಾರು ಕದ್ದದ್ದು, ಯಾರ ಸಾವಿನಲ್ಲಿ ಅಂತ ಹೇಳ್ತೀನಿ. ಪ್ರೋಗ್ರಾಂ ಹೋದರೆ ಹೋಗಲಿ. ಅವನು ಇನ್ನು ನನ್ನನ್ನು ಅಣ್ಣ ಅನ್ನಲ್ಲ, ಅದೂ ಹೋಗಲಿ.

ಬೈದಾದರೂ ಬಿಡಿ.

ಆ ಜಾಗ, ಪೆಟ್ಟು ಬೀಳದ ಜಾಗ... ಚೋಮಕ್ಕನ ಮುಖದ ಮೇಲೆ ಬಟ್ಟೆ ಎಳೆದದ್ದು ಆಗಲೇ. ನಾನು ನೋಡ್ತಾ ಇದ್ದೆ. ನಿಮ್ಮ ಕೈ ಮೇಲೆ ಹೋದದ್ದು ಕೆಳಗೆ ಬರಲೇ ಇಲ್ಲ. ಹಾಡಿನಲ್ಲಿ ಅದು ಎರಡು ಸೆಕೆಂಡ್, ಜಾಸ್ತಿ ಇದ್ದರೆ ಜನ ಕಾಯಲ್ಲ ಅಂತ ಕತ್ತರಿಸಿದರು. ನನ್ನ ಫೋನಿನಲ್ಲಿ ಪೂರ್ತಿ ಇದೆ. ನಲವತ್ತು ಸೆಕೆಂಡ್. ಎಷ್ಟು ಸಲ ಕೇಳಿದೀನಿ ಅಂದರೆ, ಗಡಿಯಾರ ನೋಡದೆ ಹೇಳಬಲ್ಲೆ.

...

ನಲವತ್ತು ಆಯ್ತು ಜವರಣ್ಣ. ಅವತ್ತು ಇಷ್ಟು ಹೊತ್ತಿಗೆ ನೀವು ಮತ್ತೆ ಬಡಿಯೋಕೆ ಶುರು ಮಾಡಿದ್ರಿ.